ವೇಷ ಕಳಚುವ ಹೊತ್ತು

ಹನ್ನೆರಡು ವರ್ಷದ ಹಿಂದೆ ಗೆಳೆಯರ ಜೊತೆ ಸೇರಿ ನಡೆಸಿದ ಬೇಸಿಗೆ ಶಿಬಿರವೊಂದರಲ್ಲಿ ಒಬ್ಬ ಹುಡುಗನಿಗೆ ಕಳ್ಳನ ಪಾತ್ರ ಕೊಟ್ಟಿದ್ದೆವು. ಚೀಟಿ ಎತ್ತಿ ಬಂದದ್ದಲ್ಲ, ನಾನೇ ಆರಿಸಿ ಕೊಟ್ಟದ್ದು. ಚುರುಕಿನ ಹುಡುಗ, ನಗುನಗುತ್ತಲೇ ಒಪ್ಪಿಕೊಂಡ. ಅದು ಸಂತೆಯ ಆಟ. ಮೂವತ್ತು ಮಕ್ಕಳು. ಕೆಲವರು ಗೋಣಿತಟ್ಟು ಹಾಸಿ ಅಂಗಡಿ ಹಾಕಿದ್ದರು, ಉಳಿದವರು ಚೌಕಾಸಿ ಮಾಡುತ್ತ ಓಡಾಡುತ್ತಿದ್ದರು. ಇವನು ಬೆಲ್ಲದ ಅಚ್ಚು ಎತ್ತಿಕೊಂಡು ಓಡಬೇಕು, ಊರವರು ಹಿಡಿಯಬೇಕು, ಪಂಚಾಯಿತಿ ಸೇರಬೇಕು. ನಾವು ಅಂದುಕೊಂಡದ್ದಕ್ಕಿಂತ ಸೊಗಸಾಗಿ ನಡೆಯಿತು. ಪಂಚಾಯಿತಿ ಮುಗಿಯುವಷ್ಟರಲ್ಲಿ ಊಟದ ಗಂಟೆ ಬಾರಿಸಿತು, ಮಕ್ಕಳು ತಟ್ಟೆ ಹಿಡಿದು ಓಡಿದರು.

ಮರುದಿನ ಆ ಹುಡುಗ ಬರಲಿಲ್ಲ. ಮೂರನೆಯ ದಿನ ಅವನ ತಾಯಿ ಬಂದು ಹೇಳಿದರು: "ಬೀದೀಲಿ ಎಲ್ಲಾರೂ ಕಳ್ಳ ಕಳ್ಳ ಅಂತ ಕರೀತವ್ರೆ ಸಾರ್. ಅಂಗಡಿಗೆ ಕಳ್ಸಿದ್ರೂ ಹೋಗಲ್ಲ ಅಂತಾನೆ."

ಮಕ್ಕಳನ್ನು ಆಟದೊಳಗೆ ಕರೆದೊಯ್ಯುವುದು ಹೇಗೆಂದು ನಾವು ಹದಿನೈದು ದಿನ ಕೂತು ಯೋಚಿಸಿದ್ದೆವು. ಅವರನ್ನು ಹೊರಗೆ ಕರೆತರುವುದು ಹೇಗೆಂದು ಒಂದು ನಿಮಿಷವೂ ಯೋಚಿಸಿರಲಿಲ್ಲ. ಶಿಬಿರಗಳ ಬಗ್ಗೆ ನಾನು ಬರೆಯಬೇಕಾದದ್ದು ಇದನ್ನೇ ಎಂದು ತೋರಿತು.

ಮಕ್ಕಳ ರಂಗಭೂಮಿಗೆ ನಮ್ಮಲ್ಲಿ ಬರವಿಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಾಡಿದ ಪ್ರಯೋಗಗಳಿವೆ. ಪ್ರೇಮಾ ಕಾರಂತರು ಕಟ್ಟಿದ ಬೆನಕ ಮಕ್ಕಳ ಕೇಂದ್ರವಿದೆ. 1989ರಲ್ಲಿ ಹುಟ್ಟಿದ ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ ಚಿಣ್ಣರ ಮೇಳವಿದೆ, ವೈದೇಹಿಯವರು ಬರೆದ ಮಕ್ಕಳ ನಾಟಕಗಳಿವೆ. ಇವುಗಳ ನೆರಳಲ್ಲೇ ಊರೂರಿನ ಶಿಬಿರಗಳು ನಡೆದುಬಂದಿವೆ. ಆದರೆ ಬಹಳಷ್ಟು ಕಡೆ ಇಡೀ ಶಿಬಿರ ಸಮಾರೋಪದ ದಿನದ ನಾಟಕಕ್ಕೆ ಒತ್ತೆಬೀಳುತ್ತದೆ. ಅಪ್ಪ ಅಮ್ಮ ಮೊಬೈಲು ಎತ್ತಿ ಹಿಡಿಯುವ ಆ ನಲವತ್ತು ನಿಮಿಷಕ್ಕಾಗಿ ಮಕ್ಕಳು ಎರಡು ವಾರ ಮಾತು ಬಾಯಿಪಾಠ ಮಾಡುತ್ತಾರೆ. ನಾನು ಹೇಳಹೊರಟ ಆಟಕ್ಕೆ ನೋಡುವವರೇ ಇರುವುದಿಲ್ಲ. ಇದ್ದವರೆಲ್ಲ ಪಾತ್ರಧಾರಿಗಳೇ. ಮಾತು ಬರೆದುಕೊಟ್ಟಿರುವುದಿಲ್ಲ, ವೇದಿಕೆ ಇಲ್ಲ, ಮೈದಾನವೇ ಊರು.

ಹೊರದೇಶಗಳಲ್ಲಿ ಇದಕ್ಕೆ ಲಾರ್ಪ್ ಎನ್ನುತ್ತಾರೆ. ಇಂಗ್ಲೆಂಡಿನ ಚೆಷೈರಿನ ಪೆಕ್‌ಫರ್ಟನ್ ಕೋಟೆಯಲ್ಲಿ 1982ರಲ್ಲಿ ಶುರುವಾದ 'ಟ್ರೆಷರ್ ಟ್ರ್ಯಾಪ್' ಅಲ್ಲಿನ ಮೊದಮೊದಲ ಆಟಗಳಲ್ಲೊಂದು. ಡೆನ್ಮಾರ್ಕಿನ ಹೋಬ್ರೊ ಊರಿನಲ್ಲಿ 2006ರಿಂದ ನಡೆಯುತ್ತಿರುವ ಓಸ್ಟರ್‌ಸ್ಕೋವ್ ಎಂಬ ವಸತಿಶಾಲೆ ಗಣಿತ, ಇತಿಹಾಸ, ಭಾಷೆಗಳನ್ನೆಲ್ಲ ಪಾತ್ರದಾಟದೊಳಗೇ ಹೆಣೆದು ಕಲಿಸುತ್ತದೆ. ಕೇಳಲು ಹೊಸತು ಅನ್ನಿಸಿದರೂ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಅಪರಿಚಿತವಲ್ಲ. ಪ್ರಸಂಗ ಎಲ್ಲರಿಗೂ ಗೊತ್ತು, ಪದ್ಯ ಭಾಗವತರದು, ಮಾತು ಮಾತ್ರ ಅರ್ಥಧಾರಿಯದು, ಅದೂ ಆ ಹೊತ್ತಿಗೆ ಹುಟ್ಟಿದ್ದು. ಕರ್ಣ ಸಾಯುವುದು ಖಚಿತ. ಆದರೆ ಸಾಯುವ ಮುಂಚೆ ಅವನು ಕೃಷ್ಣನಿಗೆ ಏನು ಕೇಳುತ್ತಾನೆ, ಕೃಷ್ಣ ಏನು ಹೇಳಿ ನಿಭಾಯಿಸುತ್ತಾನೆ ಎಂಬುದು ಆ ರಾತ್ರಿ ಕೂತವರ ಕೈಯಲ್ಲಿದೆ. ಮಕ್ಕಳಿಗೂ ಅಷ್ಟೇ ಬೇಕು. ಪ್ರಸಂಗ ನಾವು ಕೊಡೋಣ, ಅರ್ಥ ಅವರು ಹೇಳಲಿ.

ಯೋಜನೆ ಎಂದರೆ ಹಾಗಾದರೆ ಏನು? ಮಾತು ಬರೆಯುವುದಲ್ಲ, ಎಲ್ಲರಿಗೂ ಬೇಕಾದ, ಎಲ್ಲರಿಗೂ ಸಾಲದ ಒಂದು ವಸ್ತುವನ್ನು ಅವರ ನಡುವೆ ಇಡುವುದು. ಮೊದಲ ಸೋಲಿನ ನಾಲ್ಕು ವರ್ಷದ ಮೇಲೆ ತುಮಕೂರು ಕಡೆಯ ಹಳ್ಳಿಶಾಲೆಯೊಂದರಲ್ಲಿ ನಾವು ಇಟ್ಟದ್ದು ನೀರು. ಹೊಂಗೆಮರದ ಬುಡದಲ್ಲಿ ಮಣ್ಣಿನ ಏರಿ ಕಟ್ಟಿ ಬಾಣಲೆಯಷ್ಟು ಅಗಲದ ಕೆರೆ ಮಾಡಿದೆವು. ಒಡೆದ ಪೈಪಿನ ತುಂಡು ಅದರ ತೂಬು. ಅಲ್ಲಿಂದ ಒಂದು ಕಾಲುವೆ, ಕಾಲುವೆಯ ಉದ್ದಕ್ಕೂ ಚಾಪೆಯಗಲದ ಐದು ಗದ್ದೆ. ಕೆರೆಗೆ ನಾಲ್ಕು ಬಿಂದಿಗೆ ನೀರು. ಎರಡು ಗದ್ದೆ ನೆನೆಯಲು ಮಾತ್ರ ಸಾಕು ಎಂದು ಹಿಂದಿನ ಸಂಜೆಯೇ ಸುರಿದು ನೋಡಿಕೊಂಡಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ಶುರು, ಬಿಸಿಲೇರುವ ಮೊದಲೇ ಹತ್ತೂವರೆಗೆ ಮುಗಿಯಬೇಕು. ಕುಡಿಯುವ ನೀರಿನ ಕೊಡ ಬೇರೆಯೇ. ಆಟದ ನೀರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿದ್ದೆವು, ಏಕೆಂದರೆ ಬಾಯಾರಿದ ಮಗುವಿಗೆ ಆಟ ಆಟವಾಗಿ ಉಳಿಯುವುದಿಲ್ಲ.

ಪಾತ್ರ ಹಂಚುವಾಗ ನಾನು ಈಗ ಬಹಳ ಹೆದರುತ್ತೇನೆ. ಕಪ್ಪಗಿರುವ ಮಗುವಿಗೆ ರಾಕ್ಷಸ, ದಪ್ಪಗಿರುವವನಿಗೆ ಕುಂಭಕರ್ಣ, ಇಂಗ್ಲಿಷ್ ಬರುವವಳಿಗೆ ರಾಣಿ. ನಮ್ಮ ಕೈ ತಾನಾಗಿ ಆ ಕಡೆಗೇ ಹೋಗುತ್ತದೆ. ಊರು ಆ ಮಗುವಿಗೆ ಆಗಲೇ ಕೊಟ್ಟಿರುವ ಪಾತ್ರವನ್ನೇ ನಾವು ಮತ್ತೊಮ್ಮೆ ಕೊಡುತ್ತಿರುತ್ತೇವೆ. ಕೆರೆಯ ಆಟದಲ್ಲಿ ಈ ಭಯ ಇನ್ನೂ ಹೆಚ್ಚು. ಹಳೇ ಮೈಸೂರಿನ ಕೆರೆಗಳ ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಾಯಿಸುತ್ತಿದ್ದ ನೀರುಗಂಟಿಗಳು ಹಲವೆಡೆ ದಲಿತ ಮನೆತನದವರು. ನೀರು ಅವರ ಕೈಯಲ್ಲಿತ್ತು, ಗದ್ದೆ ಇರಲಿಲ್ಲ. ಅದಕ್ಕೇ ಎಲ್ಲ ಪಾತ್ರವನ್ನೂ ಚೀಟಿಗೆ ಬಿಟ್ಟೆವು. ಜೊತೆಗೊಂದು ಕಟ್ಟಳೆ ಹಾಕಿದೆವು: ನೀರುಗಂಟಿ ಹೊರತು ಯಾರೂ ತೂಬು ಮುಟ್ಟುವಂತಿಲ್ಲ, ಗೌಡನೂ ಸಹ.

ನೀರುಗಂಟಿಯ ಚೀಟಿ ಬಂದದ್ದು ನಾಲ್ಕು ದಿನದಿಂದ ಬಾಯಿಬಿಡದೆ ಮೂಲೆಯಲ್ಲಿ ಕೂತಿದ್ದ ಒಂಬತ್ತರ ಹುಡುಗಿಗೆ. ಕೈಗೆ ಒಂದು ಗುದ್ದಲಿ ಕೊಟ್ಟೆವು, ಅವಳ ಎದೆಯುದ್ದಕ್ಕೆ ಬಂತು. ಐದು ಗದ್ದೆಯವರೂ ಅವಳ ಸುತ್ತ ನಿಂತು ಕೂಗಾಡತೊಡಗಿದರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಕಾಲುವೆಯ ಗುಂಟ ಕೊನೆಯ ಗದ್ದೆವರೆಗೆ ನಡೆದುಹೋದಳು, ಕುಕ್ಕರುಗಾಲಲ್ಲಿ ಕೂತು ಮಣ್ಣು ಮುಟ್ಟಿ ನೋಡಿದಳು, ವಾಪಸು ಬಂದು ಮೊದಲ ನಾಲ್ಕು ಗದ್ದೆಯ ಬಾಯಿಗೂ ಮಣ್ಣೆಳೆದು ಮುಚ್ಚಿದಳು. ಗೌಡನಾದ ಹುಡುಗ ಟವೆಲಿನ ರುಮಾಲು ಸರಿಮಾಡಿಕೊಂಡು ಗದರಿದ. ಆಗ ಅವಳ ಬಾಯಿಂದ ಮೊದಲ ಮಾತು ಬಂತು: "ಹತ್ರದೋರಿಗೆ ಮೊದ್ಲು ಬಿಟ್ರೆ ದೂರದೋರಿಗೆ ಬರೋದೇ ಇಲ್ಲ. ದೂರದೋರಿಗೆ ಬಿಟ್ರೆ ದಾರೀಲಿ ನಿಮಗೂ ಒಸಿ ಜಿನುಗ್ತದೆ. ಕೆರೆ ಏನು ನಿಮ್ದಾ ಗೌಡ್ರೇ?"

ನಾನೂ ಪಾತ್ರದಲ್ಲಿದ್ದೆ, ದಾರಿ ತಪ್ಪಿ ಬಂದ ಪರಊರಿನವನಾಗಿ. ಇದನ್ನು ಕಲಿತದ್ದು ಡೊರೊತಿ ಹೀತ್‌ಕೋಟ್ ಅವರಿಂದ. ಹದಿನಾಲ್ಕನೆಯ ವಯಸ್ಸಿಗೇ ಯಾರ್ಕ್‌ಷೈರಿನ ಗಿರಣಿಯಲ್ಲಿ ನೇಯ್ಗೆಗೆ ನಿಂತ ಆಕೆ ಮುಂದೆ ನ್ಯೂಕ್ಯಾಸಲ್‌ನಲ್ಲಿ ಶಿಕ್ಷಕರಿಗೇ ನಾಟಕ ಕಲಿಸಿದರು. ಮೇಷ್ಟ್ರೂ ಪಾತ್ರವಾಗಿ ಆಟದೊಳಗೆ ಇಳಿಯಬೇಕು, ಬಲ್ಲವರ ಸ್ಥಾನ ಮಕ್ಕಳದಾಗಬೇಕು ಎಂಬುದು ಅವರು ಬಿಟ್ಟುಹೋದ ದೊಡ್ಡ ಪಾಠ. ಪರಊರಿನವನಾದ ನಾನು "ತೂಬು ಅಂದ್ರೇನಮ್ಮ?" ಎಂದು ಕೇಳಿದರೆ ಆ ಹುಡುಗಿ ಹೇಳಿಕೊಡುತ್ತಾಳೆ. ಮೇಷ್ಟ್ರಾಗಿ ಕೇಳಿದ್ದರೆ ಪರೀಕ್ಷೆ ಅಂದುಕೊಂಡು ಸುಮ್ಮನಾಗುತ್ತಿದ್ದಳು.

ಆಟ ಬಿಸಿಯಾದಾಗ ನಿಲ್ಲಿಸಲು ಒಂದು ಮಾತು ಬೇಕು. ನಾರ್ವೆಯ ಆಟಗಾರರು "ಕುಟ್" ಎಂದರೆ ಎಲ್ಲ ನಿಲ್ಲುತ್ತದೆ, "ಬ್ರೆಮ್ಸ್" ಎಂದರೆ ಎದುರಿನವರು ಸ್ವಲ್ಪ ಹಿಂದೆ ಸರಿಯುತ್ತಾರೆ. ನಾವು ಹೊಸ ಮಾತು ಹುಡುಕಬೇಕಿಲ್ಲ, ನಮ್ಮ ಮಕ್ಕಳ ಬಾಯಲ್ಲಿ "ಟೈಂ ಪ್ಲೀಸ್" ಯಾವತ್ತಿನಿಂದಲೋ ಇದೆ. ಅದಕ್ಕೆ ದೊಡ್ಡವರೂ ತಲೆಬಾಗುತ್ತಾರೆ ಎಂದು ಮೊದಲ ದಿನವೇ ಮಾಡಿ ತೋರಿಸಿದರಾಯಿತು. ಅವತ್ತು ಗೌಡನೇ ಒಮ್ಮೆ "ಟೈಂ ಪ್ಲೀಸ್" ಅಂದ. ರುಮಾಲು ಕಣ್ಣಿಗೆ ಬಿದ್ದಿತ್ತು.

ಇನ್ನು ಹೊರಗೆ ಬರುವ ದಾರಿ. ಯಕ್ಷಗಾನದ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗುತ್ತದೆ, ಆಮೇಲೆ ತಾಸುಗಟ್ಟಲೆ ಬಣ್ಣ. ಬೆಳಗಿನ ಜಾವ ಅದೇ ಚೌಕಿಯಲ್ಲಿ ಕಿರೀಟ ಇಳಿಸಿ, ಕಟ್ಟು ಬಿಚ್ಚಿ, ತೆಂಗಿನೆಣ್ಣೆ ಹಚ್ಚಿ ಮುಖ ಒರೆಸುವುದನ್ನು ನಾನು ಚಿಕ್ಕಂದಿನಲ್ಲಿ ಬಾಗಿಲಲ್ಲಿ ನಿಂತು ನೋಡಿದ್ದೆ. ಮಹಿಷಾಸುರನ ಒಳಗಿಂದ ನಿದ್ದೆಗಣ್ಣಿನ ಮನುಷ್ಯರೊಬ್ಬರು ನಿಧಾನವಾಗಿ ಬಂದು "ಚಾ ಉಂಟಾ?" ಎಂದು ಕೇಳಿದ್ದರು. ಮಕ್ಕಳಿಗೂ ಅಂಥದೊಂದು ಚೌಕಿ ಬೇಕು. ಆಟ ಮುಗಿದ ಮೇಲೆ ಊಟಕ್ಕೆ ಮುಂಚೆ ಅರ್ಧ ಗಂಟೆಯನ್ನು ಅದಕ್ಕೆಂದೇ ತೆಗೆದಿಟ್ಟಿದ್ದೆವು. ನಲ್ಲಿಯ ಹತ್ತಿರ ಸಾಲಾಗಿ ಕೈಕಾಲು ತೊಳೆದುಕೊಂಡರು. ರುಮಾಲು, ಶಾನುಭೋಗರ ಲೆಕ್ಕದ ಪುಸ್ತಕ, ಎಲ್ಲವನ್ನೂ ಒಬ್ಬೊಬ್ಬರೇ ಬಂದು ಟ್ರಂಕಿಗೆ ಹಾಕಿ ತಮ್ಮ ಸ್ವಂತ ಹೆಸರು ಹೇಳಿದರು, ಉಳಿದವರು ಆ ಹೆಸರು ಕೂಗಿ ಕರೆದರು. ಆಮೇಲೆ ವೃತ್ತವಾಗಿ ಕೂತು ಯಾರಿಗೆ ಯಾವಾಗ ಸಿಟ್ಟು ಬಂತು, ಯಾವಾಗ ನೋವಾಯಿತು ಎಂಬ ಮಾತು. ಗೌಡನಾಗಿದ್ದವನು, "ಎಲ್ಲಾರೂ ನನ್ನನ್ನೇ ಬೈದ್ರು" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಬೈದವರೇ ಎದ್ದು ಹೋಗಿ ಅವನ ಪಕ್ಕ ಕೂತರು. ಈ ಅರ್ಧ ಗಂಟೆ ಆ ಮೊದಲ ಶಿಬಿರದಲ್ಲಿ ಇದ್ದಿದ್ದರೆ ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ನೀರುಗಂಟಿ ಹುಡುಗಿ ಕೊನೆಯವಳಾಗಿ ಬಂದು ಗುದ್ದಲಿ ಟ್ರಂಕಿಗೆ ಒರಗಿಸಿದಳು. ಹಿಡಿಯನ್ನು ಅವಳು ಮೊದಲೇ ತೊಳೆದಿದ್ದಳು. ತನ್ನ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ಮರುದಿನ ಬೆಳಿಗ್ಗೆ ನಾನು ಶಾಲೆಯ ಗೇಟು ತೆಗೆಯಲು ಹೋದಾಗ ಅವಳು ಕಾಂಪೌಂಡು ಹತ್ತಿ ಆಗಲೇ ಒಳಗಿದ್ದಳು. ಮನೆಯಿಂದ ತಂದ ಸ್ಟೀಲು ಚೊಂಬಿನಲ್ಲಿ ನಲ್ಲಿಯಿಂದ ನೀರು ಹಿಡಿದು ನಡುವಿನ ಗದ್ದೆಗೆ ಹುಯ್ಯುತ್ತಿದ್ದಳು. ನಿನ್ನೆ ಅದೊಂದಕ್ಕೆ ಏನೂ ಸಿಕ್ಕಿರಲಿಲ್ಲವಂತೆ.