ಲೋಕವಳಿದ ಮೇಲೂ ಕಥೆ ತೃಪ್ತಿ ನೀಡಬಲ್ಲುದೆ?

ಕವಿ ಕಟ್ಟಿದ ಲೋಕವನ್ನು ಕವಿಯೇ ಕಡೆಯಲ್ಲಿ ಕೆಡವಬಹುದೆ? ಕೆಡವಿದರೆ ಸಹೃದಯನಿಗೆ ತೃಪ್ತಿಯುಂಟೆ? ಇದು ಕಾವ್ಯಮೀಮಾಂಸಕರ ಪ್ರಶ್ನೆ ಮಾತ್ರವಲ್ಲ. ಮಕ್ಕಳಿಗೆ ಕಥೆ ಹೇಳುವ, ನಾಟಕ ಆಡಿಸುವ ಪ್ರತಿಯೊಬ್ಬ ಶಿಕ್ಷಕನ ಪ್ರಶ್ನೆಯೂ ಹೌದು.

ಮಂಗಳದಲ್ಲಿ ಮುಗಿಯುವುದೇ ಲೇಸೆಂಬವರಿಗೆ ಕನ್ನಡದಲ್ಲಿ ದೊಡ್ಡ ಆಸರೆಯಿದೆ. ಗದುಗಿನ ಕುಮಾರವ್ಯಾಸನು ಭಾರತವನ್ನು ಹತ್ತು ಪರ್ವಗಳಲ್ಲಿ, ಧರ್ಮರಾಯನ ಪಟ್ಟಾಭಿಷೇಕಕ್ಕೆ ನಿಲ್ಲಿಸಿದನು. ಯಾದವರ ಕುಲನಾಶ, ದ್ವಾರಕೆಯ ಮುಳುಗಡೆಗಳುಳ್ಳ ಉಳಿದ ಭಾಗವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದನು. ನಾಡು ಗಮಕಿಗಳ ಬಾಯಲ್ಲಿ ಹೆಚ್ಚಾಗಿ ಕೇಳುತ್ತ ಬಂದುದು ಮೊದಲಿನವನನ್ನೇ. ಆದರೆ ಇದಕ್ಕೆ ಕಾರಣ ಆತನ ಪ್ರತಿಭೆಯೇ ಹೊರತು ಮಂಗಳಾಂತ್ಯವಲ್ಲ. ಆ ಪಟ್ಟಾಭಿಷೇಕವಾದರೂ ಹದಿನೆಂಟು ಅಕ್ಷೌಹಿಣಿ ಸೇನೆಯ ಬೂದಿಯ ಮೇಲೆ ನಡೆದುದಲ್ಲವೆ?

ಈ ವಿಷಯದಲ್ಲಿ ನಿಜವಾದ ಒರೆಗಲ್ಲು ಕಲ್ಯಾಣದ ಕಥೆ. ಲಂಕೇಶರ ‘ಸಂಕ್ರಾಂತಿ’ (1971), ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990) ಇವೆಲ್ಲ 12ನೆಯ ಶತಮಾನದ ಆ ಪಟ್ಟಣವನ್ನು ರಂಗದ ಮೇಲೆ ಮರಳಿ ಕಟ್ಟಿದ ಕೃತಿಗಳು. ಕಲ್ಯಾಣ ಉಳಿಯಲಿಲ್ಲವೆಂಬುದು ಪ್ರೇಕ್ಷಕನಿಗೆ ಮೊದಲೇ ತಿಳಿದಿದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆ ‘ತಲೆದಂಡ’ದಲ್ಲಿ ಕಿಡಿಯಾಗುತ್ತದೆ, ಹತ್ಯಾಕಾಂಡದ ನಡುವೆ ಸೋವಿದೇವನಿಗೆ ಪಟ್ಟವಾಗುತ್ತದೆ. ಆದರೂ ಪ್ರೇಕ್ಷಕನು ತಾನು ವಂಚಿತನಾದೆನೆಂದು ಎದ್ದು ಹೋಗುವುದಿಲ್ಲ. ಏಕೆಂದರೆ ಆ ನಾಶ ಹೊರಗಿನಿಂದ ಬಂದೆರಗಿದ್ದಲ್ಲ. ಆ ಲೋಕದ ಅತ್ಯುತ್ತಮ ಕಾರ್ಯದಿಂದಲೇ ಹುಟ್ಟಿದ್ದು. ಆ ಮದುವೆಯನ್ನು ಬೇಡವೆಂದಿದ್ದರೆ ಪಟ್ಟಣ ಉಳಿಯುತ್ತಿತ್ತೇನೋ. ಆದರೆ ಅದು ಕಲ್ಯಾಣವಾಗಿ ಉಳಿಯುತ್ತಿರಲಿಲ್ಲ. ಇದಕ್ಕೆ ಪ್ರತಿಯಾಗಿ, ಗಂಟು ಬಿಡಿಸಲಾರದ ಲೇಖಕನು ಕೊನೆಯ ಪುಟದಲ್ಲಿ ಭೂಕಂಪವನ್ನೋ ಪ್ರವಾಹವನ್ನೋ ತಂದರೆ, ಅದು ಹಗ್ಗಕ್ಕೇ ಬೆಂಕಿಯಿಟ್ಟಂತೆ. ಅದು ಮುಕ್ತಾಯವಲ್ಲ, ಪಲಾಯನ.

ಇನ್ನೊಂದು ನಿಬಂಧನೆಯೂ ಉಂಟು. ಲೋಕ ಅಳಿದರೂ ಅದರ ಸಾರ ದಾಟಿ ಬರಬೇಕು. ಹಿಂಡಲಗಾದ ಮಗುವಿಗೆ ಇದು ದೂರದ ಮಾತಲ್ಲ. ಕಲ್ಯಾಣದಿಂದ ಉಳವಿಯತ್ತ ಹೊರಟ ಶರಣರಲ್ಲಿ ಡೋಹರ ಕಕ್ಕಯ್ಯನು ನೆರೆಯ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿಯೂ, ಗಂಗಾಂಬಿಕೆಯು ಮಲಪ್ರಭೆಯ ತೀರದ ಮುಗಟಖಾನ ಹುಬ್ಬಳ್ಳಿಯಲ್ಲಿಯೂ ಐಕ್ಯರಾದರೆಂಬುದು ಐತಿಹ್ಯ. ಅವರೊಡನೆ ಉಳಿದು ಬಂದ ಬೆಳಕು ವಚನ. ಶತಮಾನಗಳ ತರುವಾಯ, 1923ರಲ್ಲಿ, ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗ ಬೆಳಗಾವಿಯಲ್ಲಿಯೇ ಅಚ್ಚಾಯಿತು. ಊರು ಸುಟ್ಟಿತು, ಮಾತು ಸುಡಲಿಲ್ಲ.

ಆದುದರಿಂದ ಶಾಲೆಯ ರಂಗದ ಮೇಲೆ ಅನುಭವಮಂಟಪದ ವೈಭವಕ್ಕೇ ಪರದೆ ಬೀಳಿಸುವುದು ಸುಲಭವಾದರೂ ಉಚಿತವಲ್ಲ. ಮಕ್ಕಳ ಮನಸ್ಸು ನೊಂದೀತೆಂಬ ಅಳುಕು ಸಹಜವೇ. ಆದರೆ ಕಲ್ಯಾಣ ಉರಿದುದನ್ನು ಕಾಣದ ಮಗು, ಸಮಾನತೆಯೆಂಬುದು ಬೆಲೆಯಿಲ್ಲದೆ ದೊರೆತ ವಸ್ತುವೆಂದು ತಿಳಿದೀತು. ಪರದೆ ಇನ್ನೊಂದು ಅಂಕ ತಡೆದು ಬೀಳಲಿ; ವಚನದ ಕಟ್ಟನ್ನು ಹೊತ್ತು ನಡೆದವರು ಮಲಪ್ರಭೆಯನ್ನು ಮುಟ್ಟುವವರೆಗೆ ದೀಪ ಉರಿಯುತ್ತಿರಲಿ.