ಮುಳ್ಳುಹಂದಿ ಮುಳ್ಳು ಕೀಳಲು ಇಕ್ಕಳವೇ ಗತಿಯೆ?



ಮಲೆನಾಡಿನ ಹಳ್ಳಿಗಳಲ್ಲಿ ರಾತ್ರಿ ಹೊತ್ತು ನಾಯಿಗೆ ಮುಳ್ಳುಹಂದಿ ಮುಳ್ಳು ಚುಚ್ಚಿದರೆ ಮನೆಯವರಿಗೆ ಉಳಿಯುವುದು ಎರಡೇ ದಾರಿ. ಬೆಳಗಾಗುವವರೆಗೆ ಅದರ ನರಳಾಟ ಕೇಳುತ್ತ ಕೂರಬೇಕು, ಇಲ್ಲವೇ ತಂತಿ ಬಿಗಿಯುವ ಇಕ್ಕಳ ಹಿಡಿದು ತಾವೇ ಕೀಳಲು ಹೊರಡಬೇಕು. ಹೆಚ್ಚಿನವರು ಎರಡನೆಯದನ್ನೇ ಮಾಡುತ್ತಾರೆ. ‘ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ’ ಎಂದು ಅಧಿಕಾರಿಗಳು ಇದನ್ನು ತಳ್ಳಿಹಾಕುವುದಕ್ಕೆ ನನ್ನ ತಕರಾರಿದೆ. ದನದ ಆಸ್ಪತ್ರೆಯ ಬಾಗಿಲು ಸಂಜೆಗೇ ಹಾಕಿರುವಾಗ ತಿಳಿವಳಿಕೆ ಇದ್ದವರಾದರೂ ಎಲ್ಲಿಗೆ ಹೋಗಬೇಕು?

ಮುಳ್ಳುಹಂದಿ ಓಡಾಡುವುದೇ ರಾತ್ರಿ. ಅಡಿಕೆ, ತೆಂಗಿನ ಸಸಿಗಳ ಬುಡ ಕಡಿಯುತ್ತದೆ, ಗೆಡ್ಡೆ ಗೆಣಸು ಬಗೆದು ತಿನ್ನುತ್ತದೆ. ಈ ಕಾಟ ತಡೆಯಲೆಂದೇ ತೋಟದ ಮನೆಗಳಲ್ಲಿ ರಾತ್ರಿ ನಾಯಿ ಬಿಚ್ಚಿ ಬಿಡುವುದು. ಮುಳ್ಳುಹಂದಿ ಮುಳ್ಳನ್ನು ಬಾಣ ಬಿಟ್ಟಂತೆ ಎಸೆಯುತ್ತದೆ ಎಂದು ಈಗಲೂ ಹೇಳುವವರಿದ್ದಾರೆ, ಅದು ಸುಳ್ಳು. ಮೊದಲು ಮೈಮುಳ್ಳು ನಿಗುರಿಸಿ, ಬಾಲದ ಟೊಳ್ಳು ಮುಳ್ಳುಗಳನ್ನು ಗಲಗಲ ಅಲ್ಲಾಡಿಸಿ, ಕಾಲು ಬಡಿದು ಎಚ್ಚರಿಸುತ್ತದೆ. ನಾಯಿ ಆಗಲೂ ಬಿಡದಿದ್ದರೆ ಬೆನ್ನು ತಿರುಗಿಸಿ ಹಿಮ್ಮುಖವಾಗಿ ನುಗ್ಗುತ್ತದೆ. ಜಿಮ್ ಕಾರ್ಬೆಟ್ ಕೊಂದ ಮುಕ್ತೇಸರದ ನರಭಕ್ಷಕ ಹೆಣ್ಣುಹುಲಿ ಹೀಗೊಂದು ಮುಳ್ಳುಹಂದಿಯ ಮೇಲೆ ಬಿದ್ದು ಒಂದು ಕಣ್ಣು ಕಳೆದುಕೊಂಡಿತ್ತು. ಮುಂಗಾಲಲ್ಲಿ ಸುಮಾರು 50 ಮುಳ್ಳು ನೆಟ್ಟಿದ್ದವು. ಹುಲಿಯ ಪಾಡೇ ಹೀಗಾದರೆ ನಮ್ಮ ಊರುನಾಯಿಯದು ಕೇಳಬೇಕೆ?

ನೆರೆಮನೆಯಲ್ಲಿ ಮುಳ್ಳು ಕೀಳುವುದನ್ನು ನೋಡಿದ್ದೇನೆ. ಮೈಗೆ ಗೋಣಿಚೀಲ ಸುತ್ತಿ ಇಬ್ಬರು ನಾಯಿಯನ್ನು ಅದುಮಿ ಹಿಡಿದಿದ್ದರು. ಮೂತಿ, ತುಟಿ, ಎದೆಯಲ್ಲೆಲ್ಲ ಗೇಣುದ್ದದ ಕಪ್ಪು ಬಿಳಿ ಪಟ್ಟೆಯ ಮುಳ್ಳು. ‘ತುದಿ ಕತ್ತರಿಸಿದರೆ ಗಾಳಿ ಹೋಗಿ ಸಡಿಲ ಆಗ್ತದೆ’ ಎಂದು ಯಾರೋ ಅಂದರು, ಕತ್ತರಿಸಿದರು. ಕತ್ತರಿಸಿದ ಮುಳ್ಳು ಸೀಳಿತು, ಇಕ್ಕಳಕ್ಕೆ ಹಿಡಿತ ಸಿಗಲಿಲ್ಲ. ನಾಯಿ ತಲೆ ಕೊಡವಿದಾಗ ಇನ್ನೊಂದು ಚರ್ಮದ ಮಟ್ಟಕ್ಕೇ ಮುರಿಯಿತು. ಹಿಡಿದವರ ಕೈಗೂ ಹಲ್ಲು ತಾಗಿ, ಅವರು ಮರುದಿನ ರೇಬಿಸ್ ಚುಚ್ಚುಮದ್ದಿಗೆ ಹೋಗಬೇಕಾಯಿತು. ಕೆಲ ವಾರಗಳ ಮೇಲೆ ನಾಯಿಯ ದವಡೆಯಡಿ ಗಂಟು ಎದ್ದು ಕೀವು ಸುರಿಯಿತು. ವೈದ್ಯರು ಕೊಯ್ದು ತೆಗೆದದ್ದು ಅದೇ ಮುರಿದ ತುಂಡು.

ಸರಿಯಾದ ಕ್ರಮ ಕಷ್ಟದ್ದೇನಲ್ಲ, ಆದರೆ ನಾಯಿಗೆ ಮತ್ತು ಬರಿಸದೆ ಆಗುವಂಥದ್ದಲ್ಲ. ಮತ್ತಿನಲ್ಲಿರುವಾಗ ಮುಳ್ಳನ್ನು ಚರ್ಮಕ್ಕೆ ಹತ್ತಿರದಲ್ಲೇ ಫೋರ್ಸೆಪ್ಸ್‌ನಿಂದ ಹಿಡಿದು, ತಿರುಚದೆ, ಅದು ಹೊಕ್ಕ ದಿಕ್ಕಿನಲ್ಲೇ ನೇರವಾಗಿ ಎಳೆಯಬೇಕು. ಬಾಯೊಳಗೆ, ನಾಲಿಗೆಯ ಅಡಿ, ಬೆರಳ ಸಂದುಗಳಲ್ಲಿ ಹುಡುಕಬೇಕು. ಉತ್ತರ ಅಮೆರಿಕದ ಮುಳ್ಳುಹಂದಿಯ ಮುಳ್ಳಿಗಿರುವ ಹಿಮ್ಮುಖ ಕೊಕ್ಕೆಗಳು ನಮ್ಮದಕ್ಕಿಲ್ಲ. ಹಾಗೆಂದು ಸಲೀಸು ಎಂದುಕೊಳ್ಳಬಾರದು. ನಮ್ಮದು ಉದ್ದ, ಗಟ್ಟಿ; ಗಾಯ ಆಳವಾಗಿ ಆಗುತ್ತದೆ. ಕಣ್ಣು, ಗಂಟಲು, ಎದೆಗೂಡು, ಕೀಲಿನ ಬಳಿ ಹೊಕ್ಕಿದ್ದರೆ ಮನೆಯಲ್ಲಿ ಮುಟ್ಟಲೇಬಾರದು. ಮನುಷ್ಯರ ನೋವಿನ ಮಾತ್ರೆ ನುಂಗಿಸಬಾರದು. ಐಬುಪ್ರೊಫೆನ್‌ನಂಥವು ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತವೆ. ಕೆನಡಾದಲ್ಲಿ ಮುಳ್ಳು ಚುಚ್ಚಿಸಿಕೊಂಡ 296 ನಾಯಿಗಳ ದಾಖಲೆ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಚಿಕಿತ್ಸೆ 24 ಗಂಟೆ ಮೀರಿದರೆ ತೊಡಕಿನ ಅಪಾಯ ಹೆಚ್ಚು. ‘ನಾಳೆ ನೋಡೋಣ’ ಎನ್ನುವುದು ಇಲ್ಲಿ ಸಲ್ಲದು.

ಹಾಗಾದರೆ ಅಡ್ಡಿ ಏನು? ಔಷಧ ಅಪರೂಪದ್ದಲ್ಲ. ಮತ್ತು ಬರಿಸಲು ಬಳಸುವ ಕ್ಸೈಲಜೀನ್ ದನಗಳಿಗೂ ಕೊಡುವಂಥದ್ದೇ. ಪ್ರಮಾಣ ಬೇರೆ ಅಷ್ಟೆ. ಕೊರತೆ ಇರುವುದು ರಾತ್ರಿ ಕರೆದರೆ ಬರುವ ವೈದ್ಯರದು, ನಾಯಿಯೂ ರೈತನ ಜಾನುವಾರೇ ಎಂಬ ಭಾವನೆಯದು. ಹಾಲು ಕೊಡದ ಪ್ರಾಣಿಗೆ ರಾತ್ರಿ ಯಾರು ಏಳುತ್ತಾರೆ ಎಂಬ ಧೋರಣೆ ಬದಲಾಗಬೇಕು.

ಇನ್ನೊಂದು ಅಡ್ಡಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಳ್ಳುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಅದನ್ನು ಮಾಂಸಕ್ಕಾಗಿ ನಾಯಿ ಬಿಟ್ಟು ಬಿಲದಿಂದ ಎಬ್ಬಿಸುವವರು ಇರುವುದೂ ನಿಜ; ಅವರ ಮೇಲೆ ಕೇಸು ಆಗಲೇಬೇಕು. ಆದರೆ ಆಸ್ಪತ್ರೆಗೆ ಹೋದರೆ ‘ಶಿಕಾರಿಗೆ ಹೋಗಿದ್ರಾ?’ ಎಂದು ಕೇಳಿಯಾರು ಎಂಬ ಹೆದರಿಕೆಗೆ, ಯಾವ ತಪ್ಪೂ ಮಾಡದವರು ಕೂಡ ನಾಯಿಯನ್ನು ಕೊಟ್ಟಿಗೆಯಲ್ಲೇ ಬಚ್ಚಿಟ್ಟುಕೊಳ್ಳುತ್ತಾರೆ. ಕಾಡಂಚಿನ ತೋಟದಲ್ಲಿ ಮುಳ್ಳುಹಂದಿಗೆ ಎದುರಾಗಲು ನಾಯಿ ಕಾಡು ಹೊಗಬೇಕಿಲ್ಲ ಎಂಬುದು ಅರಣ್ಯ ಇಲಾಖೆಗೆ ಗೊತ್ತಿಲ್ಲದ್ದೇನಲ್ಲ.

ರಾಜ್ಯದಲ್ಲಿ 1962 ಸಹಾಯವಾಣಿ ಇದೆ, ಸಂಚಾರಿ ಪಶು ಚಿಕಿತ್ಸಾ ವಾಹನಗಳೂ ಇವೆ. ಹೊಸ ಯೋಜನೆ ಬೇಡ, ಇರುವುದನ್ನೇ ಸರಿಯಾಗಿ ಬಳಸಿದರೆ ಸಾಕು. ಪಶುಪಾಲನಾ ಇಲಾಖೆ ಮಲೆನಾಡು, ಕೊಡಗಿನ ತಾಲ್ಲೂಕುಗಳಲ್ಲಿ ಒಬ್ಬ ವೈದ್ಯರಾದರೂ ಸರದಿಯ ಮೇಲೆ ರಾತ್ರಿ ಕರೆಗೆ ಸಿಗುವಂತೆ ಮಾಡಲಿ. ಮತ್ತಿನ ಔಷಧ ಮತ್ತು ಫೋರ್ಸೆಪ್ಸ್ ಸದಾ ದಾಸ್ತಾನಿರಲಿ. ಮೊದಲು ಚಿಕಿತ್ಸೆ, ಆಮೇಲೆ ವಿಚಾರಣೆ ಎಂದು ಅರಣ್ಯ ಇಲಾಖೆ ಲಿಖಿತವಾಗಿ ತಿಳಿಸಲಿ. ನಾಯಿ ಸಾಕಿದವರೂ ರೇಬಿಸ್ ಲಸಿಕೆ ತಪ್ಪಿಸದೆ ಹಾಕಿಸಲಿ, ಮುಳ್ಳುಹಂದಿಯ ಬಿಲ ಕಂಡ ಕಡೆ ರಾತ್ರಿ ನಾಯಿ ಬಿಡದಿರಲಿ. ನಮ್ಮ ಭಾಗದ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ವಿಷಯ ಎತ್ತಬೇಕೆಂದು ಕೋರುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು