ಹೊಳಪಿನ ಬೆಲೆ

ಕಾತ್ರಜದ ನಮ್ಮ ಮನೆಗೆ ಊರಿನಿಂದ ಬಂದ ಹಿತ್ತಾಳೆಯ ಚೊಂಬಿನ ಮೇಲೆ ಅಜ್ಜಿಯ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೊರೆಯಲಾಗಿತ್ತು. ಮರಾಠಿಯ ನಡುವೆ ಬೆಳೆಯುತ್ತಿರುವ ನನ್ನ ಮಗಳು ಮೊದಲು ಕೂಡಿಸಿ ಓದಿದ ಕನ್ನಡ ಅಕ್ಷರಗಳು ಅವೇ. ಕಳೆದ ದೀಪಾವಳಿಗೆ ಅದನ್ನು ಬೆಳಗಲೆಂದು ಕೈಯಲ್ಲಿ ಹಿಡಿಯುವ ರೋಟರಿ ಯಂತ್ರವನ್ನು ತಂದೆ. ಮೊದಲು ಮರಳುಕಾಗದದ ಗಾಲಿ, ಬಳಿಕ ಪಾಲಿಶ್ ಸವರಿದ ಉಣ್ಣೆಯ ಗಾಲಿ. ಚೊಂಬು ಕನ್ನಡಿಯಾಯಿತು, ಹೆಸರು ಅರ್ಧ ಅಳಿಸಿಹೋಯಿತು.

ಹುಣಸೆಯ ಹುಳಿ ಕಿಲುಬನ್ನಷ್ಟೇ ಕರಗಿಸುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಗಾಲಿ ಲೋಹವನ್ನೂ ತೇಯುತ್ತದೆ. ಇದೇ ಪುಣೆಯ ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ತಾಮ್ರದ ಪಾತ್ರೆಯ ಮೇಲೆ ಸುತ್ತಿಗೆಯ ಗುಳಿಗಳನ್ನು ಸಾಲಾಗಿ ಮೂಡಿಸುತ್ತಾರೆ. ಆ ಪೆಟ್ಟಿನಿಂದಲೇ ಲೋಹಕ್ಕೆ ಗಟ್ಟಿತನ, ಸೊಬಗು ಎರಡೂ ಒದಗುತ್ತವೆ. ಅದನ್ನು ನುಣುಪಾಗಿಸುವುದೆಂದರೆ ಕುಶಲಿಯ ಕೈಯನ್ನೇ ಒರೆಸಿಹಾಕಿದಂತೆ.

ಯಂತ್ರವೇ ಬೇಡವೆಂದು ನನ್ನ ವಾದವಲ್ಲ. ಚಿಲಕಕ್ಕೆ, ತುಕ್ಕು ಹಿಡಿದ ಉಪಕರಣಕ್ಕೆ ಅದು ಸರಿಯೇ. ವೇಗ ತಗ್ಗಿಸಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ, ಗಾಲಿಯನ್ನು ಒಂದೆಡೆ ನಿಲ್ಲಿಸದೆ ಬಳಸಬೇಕು. ಆದರೆ ಅಕ್ಷರವಿರುವ ಪಾತ್ರೆಗೆ ಹುಣಸೆಹಣ್ಣೇ ಸಾಕು. ಊರು ಬಿಟ್ಟು ಬಂದವರ ಮನೆಯಲ್ಲಿ ಕಿಲುಬು ಮತ್ತೆ ಬರುತ್ತದೆ, ಅಕ್ಷರ ಬರುವುದಿಲ್ಲ.